ಎರಡು ಟ್ರಿಗರಿನ ಮನೆ

ಹೋದ ತಿಂಗಳು ಅಪ್ಪನ ರಿವಾಲ್ವರನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದೆವು. ಲೈಸೆನ್ಸ್ ಮುಂದುವರಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕಂತೆ. ಎಂಬತ್ತಾರು ವರ್ಷದ ಮುದುಕನ ಕೈ ನಡುಗುವುದಿಲ್ಲ ಎಂದು ಬರೆದುಕೊಡುವ ಡಾಕ್ಟರನ್ನು ನಾನು ತಿಪಟೂರಿನಲ್ಲಿ ಹುಡುಕಲೂ ಇಲ್ಲ, ಹುಡುಕು ಎಂದು ಅಪ್ಪ ಹೇಳಲೂ ಇಲ್ಲ. ಠಾಣೆಯಲ್ಲಿ ಮೊಮ್ಮಗನ ವಯಸ್ಸಿನ ಪೊಲೀಸಿನವನೊಬ್ಬ ರಿವಾಲ್ವರನ್ನು ತೆರೆದು, ಆರೂ ತೂತು ಖಾಲಿ ಇವೆಯೆಂದು ನೋಡಿ, ನೆಲದ ಕಡೆಗೆ ಹಿಡಿದು ಒಮ್ಮೆ ಟ್ರಿಗರ್ ಎಳೆದ. ಬಲು ಬಿಗಿ ಇದೆಯಲ್ಲ ಯಜಮಾನರೇ ಎಂದ. ಅಷ್ಟೇ ಸಾಕಾಯಿತು. ಊರುಗೋಲು ಹಿಡಿದು ಬೆಂಚಿನ ಮೇಲೆ ತೂಕಡಿಸುತ್ತಿದ್ದ ಅಪ್ಪ ಸೆಟೆದು ಕೂತು, ಬಿಗಿ ಇರಬೇಕಾದದ್ದೇ, ಬಿಗಿ ಇಲ್ಲದ್ದು ಆಟದ ಸಾಮಾನು ಎಂದು ಶುರು ಮಾಡಿದ. ಪಿಸ್ತೂಲಿನ ಟ್ರಿಗರಿಗೂ ರಿವಾಲ್ವರಿನ ಟ್ರಿಗರಿಗೂ ಇರುವ ವ್ಯತ್ಯಾಸವನ್ನು ಆ ಹುಡುಗ ಕೇಳಿರಲಿಲ್ಲ. ಆದರೂ ಕಾಲು ಗಂಟೆ ನಿಂತು ಕೇಳಿಸಿಕೊಂಡ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನಗೆ ಆ ಮಾತುಗಳು ಒಂದೊಂದೂ ಬಾಯಿಪಾಠ, ಯಾವುದರ ಹಿಂದೆ ಯಾವುದು ಬರುತ್ತದೆ ಎನ್ನುವುದೂ ಗೊತ್ತು. ಹತ್ತು ವರ್ಷದ ಮಗುವಾಗಿದ್ದಾಗಲೇ ಕೇಳಿ ಕೇಳಿ ಸಾಕಾಗಿದ್ದ ಮಾತು ಅದು.

ಆಗ ನಮ್ಮ ಮನೆ ಇದ್ದದ್ದು ಬಿಳಿಗೆರೆಯ ಪಕ್ಕ, ತೋಟದ ನಡುವೆ. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೆ ಒಂದು, ಬಾಗಿಲಿಗೆ ಬಾಗಿಲು ನೇರ. ಪಡಸಾಲೆಯಲ್ಲಿ ನಿಂತರೆ ಒಲೆಯ ಮೇಲಿನ ಪಾತ್ರೆಯವರೆಗೂ ಕಾಣುತ್ತಿತ್ತು. ಈ ಮನೆ ಕಟ್ಟಿದ ಪುಣ್ಯಾತ್ಮರಿಗೆ ಹೆಂಗಸರ ಗುಟ್ಟು ಅಂತ ಒಂದು ಇರುತ್ತೆ ಅನ್ನೋದು ಹೊಳೆಯಲೇ ಇಲ್ಲ ಎಂದು ಅವ್ವ ಗೊಣಗುತ್ತಿದ್ದಳು. ನಡುಮನೆಯ ಮೇಲೆ ಅಟ್ಟ. ಅಲ್ಲಿ ತೆಂಗಿನಕಾಯಿ ಸಿಪ್ಪೆಯ ಸಮೇತ ವರ್ಷವಿಡೀ ಬಿದ್ದಿದ್ದು, ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತಿತ್ತು. ಅಜ್ಜಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೂ ಒಂದು ತಿಂಗಳು ಬೇಕು ಎಂದರೆ ಒಂದು ತಿಂಗಳು ಬೇಕಾಗುತ್ತಿತ್ತು. ಇಡೀ ಮನೆಗೆ ಆ ನಾರಿನ ದೂಳಿನ ವಾಸನೆ. ಈಗಲೂ ಯಾವುದಾದರೂ ಹಳೆಯ ತೋಟದ ಮನೆಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಅದೇ, ಕೂಡಲೇ ಎದ್ದು ಬಂದುಬಿಡೋಣ ಅನ್ನಿಸುತ್ತದೆ.

ಮನೆಯಲ್ಲಿ ಇದ್ದವರು ಆರು ಜನ. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ ಮಹದೇವ, ಚಿಕ್ಕಮ್ಮ ಗೌರಿ, ನಾನು. ಅಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು, ಆಗಾಗ ರಜೆಗೆ ಬಂದು ಹೋಗುತ್ತಿದ್ದವನು, ನಾನು ಆರು ವರ್ಷದವಳಿದ್ದಾಗ ಪೆನ್ಶನ್ ಮೇಲೆ ಬಂದ. ಬರುವಾಗ ಒಂದು ಕಬ್ಬಿಣದ ಟ್ರಂಕು, ಎರಡು ಕಂಬಳಿ, ಬೆಳಿಗ್ಗೆ ಐದಕ್ಕೆ ಏಳುವ ಚಾಳಿ ತಂದಿದ್ದ. ರಿವಾಲ್ವರ್ ಆಮೇಲೆ ಬಂತು, ಯಾರೋ ನಿವೃತ್ತ ಅಧಿಕಾರಿಯಿಂದ ಕೊಂಡ ಹಳೆಯ ಪರದೇಶದ ಮಾಲು. ಅಪ್ಪ ಇಲ್ಲದ ಅಷ್ಟೂ ವರ್ಷ ತೋಟ ನೋಡಿದ್ದು, ಅಜ್ಜಿಯ ಕಾಯಿಲೆ ನೋಡಿದ್ದು, ಅವ್ವನ ಬಾಣಂತನಕ್ಕೆ ಗಾಡಿ ಕಟ್ಟಿದ್ದು ಎಲ್ಲ ಚಿಕ್ಕಪ್ಪನೇ. ಅಣ್ಣನ ಹತ್ತಿರ ರಿವಾಲ್ವರ್ ಬಂದ ಎರಡು ವರ್ಷಕ್ಕೆ ಚಿಕ್ಕಪ್ಪನೂ ಲೈಸೆನ್ಸ್ ಮಾಡಿಸಿ, ಚಿಕ್ಕನಾಯಕನಹಳ್ಳಿ ಕಡೆಯ ದೊಡ್ಡ ಮನೆಯವರೊಬ್ಬರಿಂದ ಒಂದು ಪಿಸ್ತೂಲು ತಂದ. ಅರ್ಜಿಯಲ್ಲಿ ಆತ್ಮರಕ್ಷಣೆಗೆ ಎಂದು ಬರೆದಿದ್ದನಂತೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ ಕಾಫಿ ಕುಡಿಸುತ್ತಿದ್ದ ನಮ್ಮ ಚಿಕ್ಕಪ್ಪನನ್ನು ಹೊಡೆಯಲು ಯಾರು ಬರುತ್ತಿದ್ದರೋ ದೇವರೇ ಬಲ್ಲ.

ಅಲ್ಲಿಂದ ಶುರುವಾಯಿತು. ಅಪ್ಪನ ರಿವಾಲ್ವರಿನ ಟ್ರಿಗರಿಗೆ ಎರಡು ಗುಣ. ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ಕೂರಿಸಿಕೊಂಡರೆ, ಟ್ರಿಗರ್ ಒಣಕಡ್ಡಿ ಮುರಿದ ಹಾಗೆ ಲಟಕ್ಕೆಂದು ಬೀಳುತ್ತಿತ್ತು. ಸುತ್ತಿಗೆ ಮುಟ್ಟದೆ ಬರಿ ಟ್ರಿಗರನ್ನೇ ಎಳೆದರೆ ಸೇದುವ ಬಾವಿಯ ಹಗ್ಗದ ಹಾಗೆ ಎಳೆದಷ್ಟೂ ಬರುತ್ತಿತ್ತು. ಆರು ಗುಂಡಿನ ಉರುಳೆ ತಿರುಗಬೇಕು, ಸುತ್ತಿಗೆ ಏಳಬೇಕು, ಬೀಳಬೇಕು. ಅಷ್ಟರಲ್ಲಿ ನಳಿಗೆಯ ತುದಿ ಗುರಿ ಬಿಟ್ಟು ಎಲ್ಲೋ ಹೋಗಿರುತ್ತಿತ್ತು. ಚಿಕ್ಕಪ್ಪನ ಪಿಸ್ತೂಲಿಗೆ ಈ ರಗಳೆ ಇರಲಿಲ್ಲ. ಮೇಲಿನ ಕಬ್ಬಿಣದ ಹೊದಿಕೆಯನ್ನು ಒಮ್ಮೆ ಹಿಂದಕ್ಕೆಳೆದು ಬಿಟ್ಟರೆ ಆಯಿತು, ಟ್ರಿಗರ್ ಚೂರು ಸರಿದು, ಸರಿದದ್ದು ಗೊತ್ತಾಗುವುದರೊಳಗೆ ಬಿದ್ದುಹೋಗುತ್ತಿತ್ತು. ಅದೇ ದೊಡ್ಡ ತಪ್ಪು ಎನ್ನುವುದು ಅಪ್ಪನ ವಾದ, ಯಾವಾಗ ಬೀಳುತ್ತದೆ ಎಂದು ಹೊಡೆಯುವವನಿಗೇ ಗೊತ್ತಿರಬೇಕು. ಗೊತ್ತಾದರೆ ಕೈ ಮೊದಲೇ ಅದುರುತ್ತದೆ, ಗೊತ್ತಾಗದೆ ಬಿದ್ದರೇ ಗುರಿ ಚೆನ್ನ ಎನ್ನುವುದು ಚಿಕ್ಕಪ್ಪನದು. ಮುದ್ದೆ ಮುರಿಯುತ್ತ ಇದೇ ಮಾತು, ಬಸ್ಸಾರಿಗೆ ಕೈ ಅದ್ದುತ್ತ ಇದೇ ಮಾತು. ಬಡಿಸುತ್ತಿದ್ದ ಅವ್ವ ಮತ್ತು ಚಿಕ್ಕಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನೊಂದು ಮುದ್ದೆ ಇಡುತ್ತಿದ್ದರು.

ತಿಂಗಳಿಗೊಂದು ಭಾನುವಾರ ತೋಟದ ಹಿಂದಿನ ಮಣ್ಣಿನ ಏರಿಯ ಹತ್ತಿರ ಪರೀಕ್ಷೆ. ಲೈಸೆನ್ಸಿನ ಮೇಲೆ ವರ್ಷಕ್ಕೆ ಸಿಗುವ ಗುಂಡು ಇಷ್ಟೇ ಎಂದಿದ್ದುದರಿಂದ ಒಬ್ಬೊಬ್ಬರಿಗೆ ಐದೇ. ಏರಿಗೆ ಒರಗಿಸಿ ರಾಶಿ ಹಾಕಿದ ತೆಂಗಿನ ಮಟ್ಟೆಗೆ ಹೋದ ತಿಂಗಳ ಕ್ಯಾಲೆಂಡರಿನ ಹಾಳೆ ಸಿಕ್ಕಿಸುವುದು ನನ್ನ ಕೆಲಸ. ನಡುವಿನ ಹದಿನೈದನೇ ತಾರೀಖೇ ಗುರಿ. ಇಪ್ಪತ್ತು ಹೆಜ್ಜೆಯಿಂದ ಅಪ್ಪ ಸುತ್ತಿಗೆ ಎಳೆದು ಹೊಡೆದರೆ ಹದಿನಾಲ್ಕು, ಹದಿನೈದು, ಹದಿನಾರರ ಆಚೆ ಗುಂಡು ಹೋಗುತ್ತಿರಲಿಲ್ಲ. ಅದನ್ನೇ ಎಳೆಯದೆ ಹೊಡೆದರೆ ಒಂದು ಅಮಾವಾಸ್ಯೆಗೆ, ಒಂದು ಸಂಕಷ್ಟಿಗೆ. ಚಿಕ್ಕಪ್ಪನದು ಹತ್ತು ಹೆಜ್ಜೆಯಿಂದ ಅಪ್ಪನದಕ್ಕಿಂತ ಚೆನ್ನ, ಐದೂ ಒಂದೇ ಮನೆಯಲ್ಲಿ. ಇಪ್ಪತ್ತಕ್ಕೆ ಹೋದರೆ ಎಲ್ಲವೂ ಒಟ್ಟಾಗಿಯೇ ಕೆಳಗೆ ಎಡಕ್ಕೆ, ಕೊನೆಯ ವಾರಕ್ಕೆ. ಇದರಲ್ಲಿ ಯಾರು ಗೆದ್ದಂತೆ? ಹಾಳೆ ಬಿಚ್ಚಿ ತಂದು ಪಡಸಾಲೆಯಲ್ಲಿ ಹರವಿಕೊಂಡು ಸಂಜೆಯವರೆಗೂ ಇಬ್ಬರೂ ಜಗಳವಾಡುತ್ತಿದ್ದರು. ನಗುತ್ತಲೇ ಆಡುತ್ತಿದ್ದರು, ಆದರೆ ಅಪ್ಪನ ನಗು ಸ್ವಲ್ಪ ಬೇಗ ನಿಲ್ಲುತ್ತಿತ್ತು.

ಉಳಿದ ದಿನ ಗುಂಡಿಲ್ಲದ ಅಭ್ಯಾಸ. ನಳಿಗೆಯ ತುದಿಗೆ ನಾಲ್ಕಾಣೆ ಪಾವಲಿ ನಿಲ್ಲಿಸಿ ಟ್ರಿಗರ್ ಎಳೆಯಬೇಕು, ಪಾವಲಿ ಬೀಳಬಾರದು. ಇದನ್ನು ಅಪ್ಪ ನನಗೂ ಕಲಿಸಿದ. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅವ್ವ ಕೇಳಿದರೆ, ಕೈ ಸ್ಥಿರವಾಗುತ್ತದೆ, ಅಕ್ಷರ ದುಂಡಗಾಗುತ್ತದೆ ಎನ್ನುತ್ತಿದ್ದ. ಮೊದಲು ಉರುಳೆ ಹೊರಗೆ ತೆಗೆ, ಆರೂ ತೂತಿನಲ್ಲಿ ಬೆಳಕು ಕಾಣಬೇಕು, ಕಂಡಮೇಲೆ ಮುಚ್ಚು, ಆಮೇಲೆ ಟ್ರಿಗರ್ ಮುಟ್ಟು. ನಾನು ಇದನ್ನು ಮಗ್ಗಿಯ ಹಾಗೆ ಕಲಿತೆ. ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಕೈ ನನ್ನದೇ ಎಂದು ಇಬ್ಬರೂ ಒಪ್ಪಿದ್ದರು. ಅವರಿಬ್ಬರೂ ಒಪ್ಪಿದ್ದು ಅದೊಂದೇ ಇರಬೇಕು. ರಿವಾಲ್ವರಿನಲ್ಲಿ ಪಾವಲಿ ಮೂರರಲ್ಲಿ ಎರಡು ಸಲ ಬೀಳುತ್ತಿತ್ತು. ಪಿಸ್ತೂಲಿನಲ್ಲಿ ನಿಲ್ಲುತ್ತಿತ್ತು. ಪಿಸ್ತೂಲಿನ ಹೊದಿಕೆ ಎಳೆಯುವಷ್ಟು ಬಲ ನನ್ನ ಕೈಗಿರಲಿಲ್ಲ, ಪ್ರತಿ ಸಲವೂ ಚಿಕ್ಕಪ್ಪನೇ ಎಳೆದು ಕೊಡಬೇಕಿತ್ತು. ನಾನು ಮನಸ್ಸಿನಲ್ಲಿ ಚಿಕ್ಕಪ್ಪನ ಪಾರ್ಟಿ. ಅದಕ್ಕೆ ಕಾರಣ ಪಿಸ್ತೂಲಲ್ಲ, ಚಿಕ್ಕಮ್ಮ.

ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಅವ್ವನಿಗೆ ದನ, ಕೂಲಿಯವರ ಬುತ್ತಿ, ಅಜ್ಜಿಯ ಕಷಾಯ ಇವುಗಳ ನಡುವೆ ನಾನೊಬ್ಬಳು ಇದ್ದೇನೆ ಎನ್ನುವುದು ಊಟದ ಹೊತ್ತಿಗೆ ನೆನಪಾಗುತ್ತಿತ್ತು. ನನಗೆ ಎಣ್ಣೆ ಒತ್ತಿ ನೀರು ಹಾಕಿದವಳು, ಜಡೆ ಹೆಣೆದವಳು, ಜ್ವರ ಬಂದಾಗ ಒದ್ದೆ ಬಟ್ಟೆ ಹಣೆಗಿಟ್ಟವಳು ಚಿಕ್ಕಮ್ಮ. ಕೊಬ್ಬರಿ ಒಡೆಯುವ ದಿನ ಒಂದು ಉಂಡೆಯನ್ನು ಕಣ್ತಪ್ಪಿಸಿ ಎತ್ತಿಟ್ಟು, ಬೆಲ್ಲದ ಜೊತೆ ತುರಿದು, ಯಾರಿಗೂ ಹೇಳಬೇಡ ಎಂದು ಸೆರಗಿನ ಮರೆಯಲ್ಲಿ ತಿನ್ನಿಸುತ್ತಿದ್ದಳು. ಅವಳ ಪಕ್ಕದಲ್ಲಿ ಮಲಗಿದರೆ ಮಾತ್ರ ನನಗೆ ನಿದ್ದೆ. ನನ್ನನ್ನು ಮಗು ಎಂದೇ ಕರೆಯುತ್ತಿದ್ದಳು, ಹೆಸರು ಹಿಡಿದದ್ದು ನೆನಪಿಲ್ಲ.

ಆ ವರ್ಷದ ಆಯುಧಪೂಜೆಗೆ ನನಗೆ ಹತ್ತು ತುಂಬಿತ್ತು. ನಮ್ಮ ಮನೆಯಲ್ಲಿ ಅವತ್ತು ಕುಡುಗೋಲು, ಮಚ್ಚು, ಕಾಯಿ ಸುಲಿಯುವ ಕಬ್ಬಿಣ, ನೇಗಿಲು, ಅವ್ವನ ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ನಡುಮನೆಯಲ್ಲಿ ಮಣೆ ಹಾಕಿ ಇಡುತ್ತಿದ್ದೆವು. ಇದರಲ್ಲಿ ಅಜ್ಜಿಯದೊಂದು ಕಟ್ಟಳೆ ಇತ್ತು. ಯಾವುದನ್ನೂ ಬರಿದಾಗಿ ಪೂಜೆಗೆ ಇಡುವಂತಿರಲಿಲ್ಲ. ಸೇರಿನಲ್ಲಿ ರಾಗಿ ತುಂಬಬೇಕು, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಬೇಕು, ಕುಡುಗೋಲಿನ ಬಾಯಿಗೆ ಒಂದು ಹಿಡಿ ಹುಲ್ಲಾದರೂ ಸಿಕ್ಕಿಸಬೇಕು. ಬರಿದು ಇಟ್ಟರೆ ವರ್ಷವಿಡೀ ಬರಿದು. ಎರಡು ಕೈಬಂದೂಕುಗಳೂ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಾಗ, ಒಳಗೆ ಏನಾದರೂ ಇದೆಯಾ ಎಂದು ಅಜ್ಜಿ ಕೇಳಿದಳು. ಇಲ್ಲ ಎಂದ ಅಪ್ಪ, ಇಂಥದ್ದನ್ನು ತುಂಬಿ ಇಡಬಾರದು ಎಂದು ತಿಳಿಸಿ ಹೇಳಿದ. ಅಜ್ಜಿ ಗಂಟೆ ಕೆಳಗಿಟ್ಟಳು.

"ಬರಿದು ಇಡಾಕಿಲ್ಲ ಕಣ್ರಲಾ. ಒಂದೊಂದಾದ್ರೂ ಹಾಕ್ರಿ. ಇಲ್ದಿದ್ರೆ ಎತ್ಕಂಡೋಗಿ ಆಚೆಗಿಡ್ರಿ."

ತಾಯಿಯ ಮಾತು ಮೀರುವ ಗಂಡಸರು ಆ ಮನೆಯಲ್ಲಿ ಇರಲಿಲ್ಲ. ಅಪ್ಪ ಉರುಳೆ ತೆರೆದು, ಸುತ್ತಿಗೆಯ ಎದುರಿಗೆ ಬರದ ತೂತಿಗೆ ಒಂದು ಗುಂಡು ಇಟ್ಟು ಮುಚ್ಚಿದ. ಚಿಕ್ಕಪ್ಪ ಗುಂಡು ತುಂಬುವ ಡಬ್ಬಿಯಂಥ ಮ್ಯಾಗಜೀನಿಗೆ ಒಂದು ಗುಂಡು ಒತ್ತಿ ಹಿಡಿಯೊಳಗೆ ತೂರಿಸಿದ. ಅದು ಒಳಗೆ ಹೋದದ್ದು ಅಜ್ಜಿಗೆ ಕಾಣಲಿಲ್ಲ, ಎಲ್ಲಿ ಹಾಕಿದೆ ಎಂದಳು. ಹಾಕಿದೀನಿ ಕೇಳಿಸಿಕೋ ಎಂದು ಚಿಕ್ಕಪ್ಪ ನಗುತ್ತ ಹೊದಿಕೆಯನ್ನು ಎಳೆದು ಬಿಟ್ಟ. ಖಟಕ್ ಎಂದಿತು. ಟ್ರಿಗರ್ ಬೀಳದ ಹಾಗೆ ಮೇಲಿನ ಕೀಲು ತಿರುಗಿಸಿ ಮಣೆಯ ಮೇಲಿಟ್ಟ. ಅಜ್ಜಿ ಸಮಾಧಾನದಿಂದ ಮಂಗಳಾರತಿ ಎತ್ತಿದಳು. ಆಮೇಲೆ ಹೋಳಿಗೆ, ಕಾಯಿಹಾಲು. ಎಲೆಯ ಮುಂದೆ ಕೂತು ಅಪ್ಪ ಮತ್ತೆ ಅದೇ ಮಾತು ತೆಗೆದ, ಮಗುವಿನ ಬೆರಳಿಗೂ ಬೀಳುವ ಟ್ರಿಗರು ಒಂದು ಟ್ರಿಗರಾ ಎಂದು. ಹಾಗಾದರೆ ಮಗುವಿನ ಕೈಯಲ್ಲೇ ನೋಡೋಣ, ಹತ್ತು ಸಲ ಎಳೀಲಿ, ನನ್ನದರಲ್ಲಿ ಒಂದು ಸಲವಾದರೂ ಪಾವಲಿ ಬಿದ್ದರೆ ನಾನು ಪಿಸ್ತೂಲು ಮಾರಿಬಿಡುತ್ತೇನೆ ಎಂದ ಚಿಕ್ಕಪ್ಪ. ನಾಳೆ ನೋಡೋಣ ಎಂದರು. ಚಿಕ್ಕಪ್ಪ ಸೋಲಬಾರದು, ಅವನ ಮಾನ ನನ್ನ ಬೆರಳಲ್ಲಿದೆ ಎಂದು ಮಲಗಿದ ಮೇಲೂ ಅದೇ ಯೋಚನೆ.

ಮಾರನೆಯ ಬೆಳಿಗ್ಗೆ ಆಯುಧಗಳನ್ನು ಮಣೆಯಿಂದ ಇಳಿಸಿದರು. ಅಪ್ಪ ರಿವಾಲ್ವರಿನ ಗುಂಡು ತೆಗೆದು ಟ್ರಂಕಿಗೆ ಹಾಕಿ ಕೊಟ್ಟಿಗೆಗೆ ಹೋದ. ಚಿಕ್ಕಪ್ಪ ನನ್ನ ಕಣ್ಣೆದುರಿಗೇ ಪಿಸ್ತೂಲಿನಿಂದ ಮ್ಯಾಗಜೀನು ಎಳೆದು, ಒಳಗೆ ಇಣುಕಿ, ಖಾಲಿ ಎಂದು ಎರಡನ್ನೂ ಬೇರೆ ಬೇರೆ ಇಟ್ಟ. ಹೌದು, ಮ್ಯಾಗಜೀನು ಖಾಲಿಯೇ ಇತ್ತು. ಅದರಲ್ಲಿದ್ದ ಒಂದೇ ಗುಂಡು ಹಿಂದಿನ ದಿನ ಖಟಕ್ ಎಂದಾಗಲೇ ನಳಿಗೆಯೊಳಗೆ ಹೋಗಿ ಕೂತಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಆಳು ಕೂಗಿದ, ಚಿಕ್ಕಪ್ಪ ಎದ್ದು ಹೋದ. ನಾನು ಪಿಸ್ತೂಲು ಕೈಗೆತ್ತಿಕೊಂಡೆ. ಸಂಜೆಯ ಪಂದ್ಯಕ್ಕೆ ಮೊದಲು ಒಂದು ಸಲ ನೋಡಿಕೊಳ್ಳೋಣ ಎಂದು, ಅಷ್ಟೇ. ಉರುಳೆಯಿದ್ದ ರಿವಾಲ್ವರಿನಲ್ಲಿ ಕಲಿತವಳು ನಾನು. ಗುಂಡಿನ ಜಾಗ ಖಾಲಿಯೆಂದರೆ ಇಡೀ ಬಂದೂಕು ಖಾಲಿ ಎಂದೇ ನನ್ನ ಲೆಕ್ಕ. ಕೀಲನ್ನು ವಾಪಸು ತಿರುಗಿಸಿ ಪಾವಲಿ ನಿಲ್ಲಿಸಿದೆ. ಹೊದಿಕೆ ಎಳೆಯುವ ಕೆಲಸವೂ ಇರಲಿಲ್ಲ, ಅದು ಮೊದಲೇ ಎಳೆದಿತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ. ಪಡಸಾಲೆಗೆ ಬೆನ್ನು ಹಾಕಿ ನಿಂತು, ಬೆರಳು ಮಡಿಸಿದೆ.

ಅಡುಗೆಮನೆಯಲ್ಲಿ ಅವ್ವ ನೆಲುವಿನ ಕೆಳಗೆ ಕೂತು ಮಜ್ಜಿಗೆ ಕಡೆಯುತ್ತಿದ್ದಳು. ನೆಲುವಿನಲ್ಲಿ ಮೊಸರಿನ ಗಡಿಗೆ ತೂಗುತ್ತಿತ್ತು. ಬಾಗಿಲಿಗೆ ಬಾಗಿಲು ನೇರ ಎಂದೆನಲ್ಲ. ಸದ್ದು ಆದದ್ದು ನನಗೆ ನೆನಪಿಲ್ಲ, ಕಿವಿ ಮುಚ್ಚಿಹೋದದ್ದು ನೆನಪಿದೆ. ಗಡಿಗೆ ಒಡೆದು ಮೊಸರು ಅವ್ವನ ತಲೆಯ ಮೇಲೆ, ಮುಖದ ಮೇಲೆ ಇಳಿಯುತ್ತಿತ್ತು. ಅವ್ವ ಕಡೆಗೋಲು ಹಿಡಿದುಕೊಂಡೇ ಕೂತಿದ್ದಳು, ಅಲುಗಾಡಲಿಲ್ಲ. ಸತ್ತಳು ಎಂದುಕೊಂಡೆ. ಆಮೇಲೆ ಅವಳು ಕಣ್ಣಿನ ಮೇಲಿನ ಮೊಸರನ್ನು ಕೈಯಿಂದ ಒರೆಸಿಕೊಂಡಳು. ಮೊದಲು ಓಡಿಬಂದವನು ಚಿಕ್ಕಪ್ಪ. ನನ್ನ ಕೈಯಿಂದ ಪಿಸ್ತೂಲು ಕಿತ್ತುಕೊಂಡು, ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕಿವಿಗೆ ಬಾಯಿಟ್ಟು ಹೇಳಿದ:

"ನೀನು ಮುಟ್ಟಿಲ್ಲ. ತಿಳೀತಾ? ಮಗೀನ ಕೈಗೆ ಕೊಟ್ಟಿದ್ರು ಅಂತ ಗೊತ್ತಾದ್ರೆ ಪೊಲೀಸ್ನೋರು ನಿಮ್ಮಪ್ಪನ್ನೂ ನನ್ನೂ ಎಳ್ಕಂಡೋಯ್ತರೆ. ನಿಮ್ ಚಿಕ್ಕಮ್ಮಂಗೂ ಹೇಳ್ಬ್ಯಾಡ."

ಕೊಟ್ಟಿಗೆಯಿಂದ ಅಪ್ಪ ಬರುವ ಹೊತ್ತಿಗೆ ಚಿಕ್ಕಪ್ಪ ನಡುಮನೆಯ ಮಧ್ಯೆ ಪಿಸ್ತೂಲು ಹಿಡಿದು ನಿಂತಿದ್ದ. ಒರೆಸುವಾಗ ಕೈ ಜಾರಿತು, ತಪ್ಪು ನನ್ನದೇ ಎಂದ. ಅಪ್ಪ ಅಡುಗೆಮನೆಗೆ ಹೋಗಿ ಅವ್ವನನ್ನು ನೋಡಿದ, ಗೋಡೆಯಲ್ಲಿ ಗುಂಡು ಹೊಕ್ಕ ತೂತು ನೋಡಿದ. ತೂತಿಗೂ ಅವಳು ಕೂತಿದ್ದ ಮಣೆಗೂ ನಡುವೆ ಕೈಯಿಟ್ಟು ಅಳೆದ. ಹೊರಗೆ ಬಂದು ಚಿಕ್ಕಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ನನ್ನ ಮುಖವನ್ನೂ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದಾಗ ಅಪ್ಪ ನಿಂತುಕೊಂಡೇ ಅಜ್ಜಿಗೆ ಹೇಳಿದ:

"ನನ್ ಹೆಂಡ್ತಿ ತಲೆ ಮ್ಯಾಲೆ ಗುಂಡು ಹಾರ್ಸಿದೋನ ಜೊತೇಲಿ ಒಂದೇ ಒಲೇಲಿ ಉಣ್ಣಾಕೆ ನನ್ ಕೈಲಿ ಆಗಾಕಿಲ್ಲ ಕಣವ್ವ. ಭಾಗ ಮಾಡ್ಬುಡು."

ಅಜ್ಜಿ ಬೇಡಿಕೊಂಡಳು. ತಪ್ಪು ನನ್ನದು, ನಾನು ಗುಂಡು ಹಾಕಿಸಿದ್ದು ಎಂದು ಎದೆ ಬಡಿದುಕೊಂಡಳು. ಅವ್ವ, ಗಾಯವಾಗಿದ್ದರೆ ನನಗೆ ತಾನೇ ಆಗುತ್ತಿದ್ದದ್ದು, ನಾನೇ ಬಿಟ್ಟಿದ್ದೇನೆ, ನೀವೂ ಬಿಡಿ ಎಂದಳು. ಅಪ್ಪ ಯಾರ ಮಾತೂ ಕೇಳಲಿಲ್ಲ. ಮೂರನೇ ದಿನಕ್ಕೆ ಹಿತ್ತಲ ಸೂರಿನ ಕೆಳಗೆ ಎರಡನೇ ಒಲೆ ಹೂಡಿದರು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ. ಚಿಕ್ಕಮ್ಮ ಅಲ್ಲಿಂದಲೇ ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ಅವಳ ಮುಖ ನೋಡಿದರೆ ಬಾಯಿಬಿಟ್ಟುಬಿಡುತ್ತೇನೆ, ಬಾಯಿಬಿಟ್ಟರೆ ಅಪ್ಪನನ್ನೂ ಚಿಕ್ಕಪ್ಪನನ್ನೂ ಪೊಲೀಸರು ಒಯ್ಯುತ್ತಾರೆ. ಬಿಡದಿದ್ದರೆ ಚಿಕ್ಕಮ್ಮ ಹೋಗುತ್ತಾಳೆ. ಹತ್ತು ವರ್ಷದ ತಲೆಗೆ ಅದು ತುಂಬಾ ಭಾರದ ಲೆಕ್ಕ. ದಿನವೂ ನಾಳೆ ಹೇಳುತ್ತೇನೆ ಎಂದುಕೊಂಡು ಮಲಗುತ್ತಿದ್ದೆ, ಒಬ್ಬಳೇ.

ಕಾರ್ತಿಕ ಮುಗಿಯುವ ಹೊತ್ತಿಗೆ ತೋಟ ಭಾಗವಾಯಿತು. ಚಿಕ್ಕಮ್ಮನಿಗೆ ಅಣ್ಣತಮ್ಮಂದಿರಿರಲಿಲ್ಲ, ತವರಿನ ಜಮೀನು ಕಂದಿಕೆರೆಯಲ್ಲಿ ನೋಡುವವರಿಲ್ಲದೆ ಇತ್ತು. ಚಿಕ್ಕಪ್ಪ ತನ್ನ ಪಾಲನ್ನು ಅರ್ಧ ಫಸಲಿನ ವಾರಕ್ಕೆ ಬೇರೆಯವರಿಗೆ ಕೊಟ್ಟು ಅಲ್ಲಿಗೆ ಹೊರಟ. ಹೊರಡುವ ಮೊದಲು ಪಿಸ್ತೂಲನ್ನು ತಿಪಟೂರಿಗೆ ಒಯ್ದು ಠಾಣೆಗೆ ಒಪ್ಪಿಸಿ ಬಂದಿದ್ದ. ಗಾಡಿಗೆ ಪಾತ್ರೆ ಹೇರುವಾಗ ಚಿಕ್ಕಮ್ಮ ಮನೆಯ ಒಳಗೆಲ್ಲ, ತೋಟದಲ್ಲೆಲ್ಲ, ಮಗು ಮಗು ಎಂದು ಕೂಗುತ್ತ ಹುಡುಕಿದಳು. ನಾನು ಅಟ್ಟದ ಮೂಲೆಯಲ್ಲಿ ಕಾಯಿಗಳ ನಡುವೆ ಮುದುರಿ ಕೂತಿದ್ದೆ. ಅವಳು ನನ್ನ ಕೆಳಗೇ ನಡುಮನೆಯಲ್ಲಿ ನಿಂತು ಮೂರು ಸಲ ಕೂಗಿದಳು. ಹಲಗೆಯ ಸಂದಿಯಿಂದ ಅವಳ ಬೈತಲೆ ಕಾಣುತ್ತಿತ್ತು. ನಾನು ಉಸಿರು ಹಿಡಿದುಕೊಂಡೆ. ಕೊನೆಗೆ ಗಾಡಿ ಹೊರಟ ಸದ್ದು ಕೇಳಿತು.

ಆಮೇಲಿನದು ಹೇಳಲು ಹೆಚ್ಚಿಲ್ಲ. ಒಂದು ಸಲ ಮುಚ್ಚಿದ ಬಾಯಿಗೆ ಮುಚ್ಚಿರುವುದೇ ಸುಲಭ. ಕಂದಿಕೆರೆಯೇನು ಪರದೇಶವಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಚಿಕ್ಕಮ್ಮ ಹಬ್ಬಕ್ಕೊಮ್ಮೆ ಹೇಳಿ ಕಳಿಸುತ್ತಿದ್ದಳು. ಪರೀಕ್ಷೆ ಇದೆ ಎಂದೆ, ಕೆಲಸಕ್ಕೆ ಸೇರಿದೆ ಎಂದೆ, ಮದುವೆಯಾದ ಮೇಲೆ ಅತ್ತೆಗೆ ಹುಷಾರಿಲ್ಲ ಎಂದೆ. ನನ್ನ ಮದುವೆಗೆ ಅವಳು ಬಂದಿದ್ದಳು, ಸಾಲಿನಲ್ಲಿ ನಿಂತು ಅಕ್ಷತೆ ಹಾಕಿ ಹೋದಳು. ತಲೆ ಎತ್ತಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ನಾನು ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ನಿಮಗೆ ಕೋಪವೇ ಬರುವುದಿಲ್ಲ ಮೇಡಂ, ಎಷ್ಟು ತಾಳ್ಮೆ ಎಂದು ಜೊತೆಯವರು ಹೊಗಳುತ್ತಿದ್ದರು. ಅದು ತಾಳ್ಮೆಯಲ್ಲ. ಬಾಯಿ ತೆರೆದರೆ ಯಾರದೋ ಮನೆ ಒಡೆಯುತ್ತದೆ, ತೆರೆಯದಿದ್ದರೂ ಒಡೆಯುತ್ತದೆ ಎಂದು ಹತ್ತನೇ ವಯಸ್ಸಿಗೆ ಕಲಿತವಳ ದಣಿವು. ಚಿಕ್ಕಪ್ಪ ತೀರಿಕೊಂಡ, ಅಜ್ಜಿ ಮತ್ತು ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ಅವ್ವನ ನಂತರ ಅಪ್ಪ ತಿಪಟೂರಿನ ನನ್ನ ಮನೆಗೆ ಬಂದ, ಟ್ರಂಕಿನ ಸಮೇತ.

ಠಾಣೆಯಿಂದ ಬಂದ ಮಧ್ಯಾಹ್ನ ಇಬ್ಬರೂ ವರಾಂಡದಲ್ಲಿ ಕೂತಿದ್ದೆವು. ಮನೆಯಲ್ಲಿ ಇನ್ನು ಬಂದೂಕಿಲ್ಲ ಎನ್ನುವುದು ವಿಚಿತ್ರವಾಗಿತ್ತು. ಅಪ್ಪ ಇನ್ನೂ ಆ ಹುಡುಗನಿಗೆ ಹೇಳಿದ್ದನ್ನೇ ಮುಂದುವರಿಸುತ್ತಿದ್ದ. ಮಾದೇವನ ಪಿಸ್ತೂಲಿನ ಟ್ರಿಗರು ಬಲು ಹಗುರ, ಅದಕ್ಕೇ ಹಾಗಾಯಿ‌ತು ಎಂದ. ಆಗ ನಾನು ಹೇಳಿದ್ದು ಧೈರ್ಯದಿಂದಲ್ಲ. ಹೊತ್ತು ಹೊತ್ತು ಸಾಕಾಗಿತ್ತು, ಕೆಳಗಿಟ್ಟೆ.

"ಅಪ್ಪ, ಅವತ್ತು ಪಿಸ್ತೂಲು ಹಾರ್ಸಿದ್ದು ಚಿಕ್ಕಪ್ಪ ಅಲ್ಲ. ನಾನು."

"ಗೊತ್ತು ಬುಡು."

ತಲೆಯನ್ನೂ ತಿರುಗಿಸಲಿಲ್ಲ. ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಅವತ್ತೇ. ಮಾದೇವಂಗೆ ಸುಳ್ಳು ಹೇಳಾಕೆ ಎಲ್ಲಿ ಬತ್ತಿತ್ತು? ಗ್ವಾಡೆ ನೋಡ್ಕಂಡು ಹೇಳ್ದ."

"ಮತ್ತೆ ಯಾಕಪ್ಪ ಭಾಗ ಕೇಳ್ದೆ?"

ಅಪ್ಪ ಊರುಗೋಲನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಒರಗಿಸಿಕೊಂಡ. ಹೇಳಲಿಕ್ಕಿಲ್ಲ ಎಂದುಕೊಂಡೆ. ಹೇಳಿದ.

"ಹದಿನೇಳು ವರ್ಸ ಆದ್ಮ್ಯಾಲೆ ಬಂದ್ರೆ ಆ ಮನೇಗೆ ನಾನು ನೆಂಟ ಆಗೋಗಿದ್ದೆ ಕಣವ್ವ. ಕೂಲಿಯೋನೂ ಅವನನ್ನೇ ಕೇಳೋನು, ನಮ್ಮವ್ವನೂ ಅವನನ್ನೇ ಕೇಳೋಳು, ನೀನೂ ಅವನ ಹಿಂದೇನೇ. ಬಂದೂಕಿನ ಇಚಾರ ಒಂದ್ರಾಗೆ ನಂಗೆ ಒಸಿ ಮಾತು ಇತ್ತು. ಬ್ಯಾರೆ ಆಗ್ಬೇಕು ಅಂತ ಮನಸ್ನಾಗೆ ಇತ್ತು, ಅಣ್ಣ ಆದೋನು ಬಾಯಿಬುಟ್ಟು ಕೇಳೋದು ಎಂಗೆ? ಅವತ್ತು ಒಂದು ನೆಪ ಸಿಕ್ತು."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಸುಸ್ತಾಯಿತು. ನನ್ನ ಬೆರಳಿನಿಂದ ಒಡೆಯಿತು ಎಂದು ನಲವತ್ತೈದು ವರ್ಷ ನಂಬಿದ್ದ ಮನೆ ಮೊದಲೇ ಬಿರುಕು ಬಿಟ್ಟಿತ್ತು. ನಾನು ಹೇಳಿದ್ದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಎದ್ದು ಒಳಗೆ ಹೋಗೋಣ ಎಂದುಕೊಂಡೆ. ಅಪ್ಪ ಇನ್ನೂ ಮುಗಿಸಿರಲಿಲ್ಲ.

"ಗೌರಿಗೆ ಮಾತ್ರ ಕೊನೇಗಂಟ ಗೊತ್ತಾಗ್ಲಿಲ್ಲ. ಮಾದೇವ ಅವಳ್ಗೂ ಹೇಳಿರ್ಲಿಲ್ಲ. ಅವನ ತಿಥೀ ದಿನ ನನ್ನ ಕೇಳಿದ್ಲು, ಭಾವ, ಮಗೀಗೆ ನನ್ ಮ್ಯಾಲೆ ಕ್ವಾಪ ಇನ್ನೂ ಹೋಗಿಲ್ವಾ, ಅವಳವ್ವನ ಮ್ಯಾಲೆ ಗುಂಡು ಹಾರ್ಸಿದೋನ ಹೆಂಡ್ತಿ ಅಂತ ತಾನೇ ನನ್ ಮಖ ನೋಡಾಕಿಲ್ಲ, ಅಂತ."

"ನೀನೇನಂದೆ?"

"ಏನಂತ ಅನ್ಲಿ? ಸುಮ್ಕಿದ್ದೆ."

ಅಪ್ಪನಿಗೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅವನು ಆ ಒಂದು ದಿನ ಮಾಡಿದ್ದನ್ನೇ ನಾನು ನನ್ನ ಇಡೀ ಆಯುಷ್ಯ ಮಾಡಿದ್ದೆ, ಏನೆಂದು ಅನ್ನಲಿ. ಚಿಕ್ಕಮ್ಮ ತೀರಿಕೊಂಡು ಈಗ ಒಂಬತ್ತು ವರ್ಷ. ಅವಳ ಮಣ್ಣಿಗೆ ನಾನು ಹೋಗಿದ್ದೆ. ಎಲ್ಲರೂ ಮುಖ ನೋಡಿ ಬಾ ಎಂದರು. ನಾನು ತೋಟದ ಬೇಲಿಯ ಹತ್ತಿರವೇ ನಿಂತಿದ್ದು, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟಿದ್ದೆ.